ಗಂಗಾವತಿಯ ಅಕ್ಕಿ ಹತ್ತಿರದಲ್ಲಿ ಬೆಳೆದದ್ದು ಎಂಬ ಕಾರಣಕ್ಕೆ ಪರಿಸರಕ್ಕೆ ಹಗುರವೇ?

ಪ್ರಶ್ನೆ: ಕೊಪ್ಪಳದಿಂದ, ಮನೆಯ ದಿನಸಿ ತರುವವನು

ಎಲ್ಲರಿಗೂ ನಮಸ್ಕಾರ. ನಮ್ಮದು ಆರು ಜನರ ಮನೆ. ತಿಂಗಳಿಗೆ ಸುಮಾರು 30 ಕೆ.ಜಿ. ಸೋನಾ ಮಸೂರಿ ಅಕ್ಕಿ ಖರ್ಚಾಗುತ್ತದೆ. ಅದರಲ್ಲಿ ಹೆಚ್ಚಿನದು ಗಂಗಾವತಿ, ಕಾರಟಗಿ ಕಡೆಯ ಗಿರಣಿಗಳದ್ದು. ನಮ್ಮ ತಂದೆಯವರ ಕಾಲದಲ್ಲಿ ಎರಡು ಹೊತ್ತೂ ರೊಟ್ಟಿ ಇದ್ದ ಮನೆಯಲ್ಲಿ ಈಗ ರೊಟ್ಟಿ ವಾರಕ್ಕೆ ಎರಡು ಮೂರು ರಾತ್ರಿಗೆ ಇಳಿದಿದೆ.

ಕಾಲೇಜಿಗೆ ಹೋಗುವ ಮಗಳು, ದೂರದಿಂದ ಲಾರಿಯಲ್ಲಿ ಬರುವ ಆಹಾರ ಬಿಟ್ಟು ಹತ್ತಿರದಲ್ಲಿ ಬೆಳೆದದ್ದನ್ನೇ ತಿನ್ನಬೇಕು, ಪರಿಸರಕ್ಕೆ ಅದೇ ಒಳ್ಳೆಯದು ಎಂದು ವಾದಿಸುತ್ತಾಳೆ. ಹಾಗಾದರೆ ನಮ್ಮ ಅಕ್ಕಿಗಿಂತ ಹತ್ತಿರದ್ದು ಯಾವುದಿದೆ ಎಂದು ನಾನು ಸಮಾಧಾನದಿಂದ ಇದ್ದೆ. ಆದರೆ ಸಿಂಧನೂರಿನ ನಮ್ಮ ಸಂಬಂಧಿಕರೊಬ್ಬರು, ಭತ್ತದ ಗದ್ದೆಯಿಂದ ಹೊರಡುವ ಅನಿಲದ ಲೆಕ್ಕ ಹಿಡಿದರೆ ಲಾರಿಯ ಹೊಗೆ ಅದರ ಮುಂದೆ ಏನೂ ಅಲ್ಲ ಎಂದು ಹೇಳಿ ನನ್ನ ಸಮಾಧಾನ ಕೆಡಿಸಿದರು. ಇವರಿಬ್ಬರಲ್ಲಿ ಯಾರ ಮಾತು ಹೆಚ್ಚು ಸರಿ ಎಂಬುದು ನನ್ನ ಮೊದಲ ಪ್ರಶ್ನೆ. ಒಂದು ಹೊತ್ತಿನ ಅನ್ನವನ್ನು ಜೋಳಕ್ಕೆ ಬದಲಾಯಿಸಿದರೆ ನಿಜವಾಗಿ ವ್ಯತ್ಯಾಸವಾಗುತ್ತದೆಯೇ, ಅಥವಾ ಅದು ಮನಸ್ಸಿನ ಸಮಾಧಾನಕ್ಕೆ ಮಾಡುವ ಕೆಲಸವೇ ಎಂಬುದು ಎರಡನೆಯದು. ಹಾಲು, ಎಣ್ಣೆ, ಮಾಂಸಗಳ ಸ್ಥಾನ ಎಲ್ಲಿ ಎಂದು ಯಾರಾದರೂ ತಿಳಿಸಿದರೆ ಅದೂ ಬೇಕು. ಮನೆಯ ಊಟವನ್ನೆಲ್ಲ ತಲೆಕೆಳಗು ಮಾಡುವ ಉದ್ದೇಶ ನನಗಿಲ್ಲ. ಒಂದೋ ಎರಡೋ ಬದಲಾವಣೆ ಮಾಡುವುದಾದರೆ ತೂಕವಿರುವುದನ್ನೇ ಮಾಡೋಣ ಎಂಬುದಷ್ಟೇ ಆಸೆ.

ಉತ್ತರ: ರಾಯಚೂರಿನಿಂದ, ಕೃಷಿ ಪದವೀಧರ

ಸರ್, ನಾನು ಕೃಷಿ ಓದಿ ಈಗ ಮಣ್ಣು ಮತ್ತು ನೀರಿನ ಪರೀಕ್ಷೆಯ ಕೆಲಸದಲ್ಲಿದ್ದೇನೆ. ತಮ್ಮ ಸಂಬಂಧಿಕರ ಮಾತೇ ಸತ್ಯಕ್ಕೆ ಹೆಚ್ಚು ಹತ್ತಿರವಾಗಿದೆ. 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ, 119 ದೇಶಗಳ ಸುಮಾರು 38,700 ಹೊಲಗಳ ಮಾಹಿತಿಯನ್ನು ಒಟ್ಟುಗೂಡಿಸಿದ ಅಧ್ಯಯನದ ಪ್ರಕಾರ, ಮನುಷ್ಯರ ಚಟುವಟಿಕೆಯಿಂದ ವಾತಾವರಣ ಸೇರುವ ಹಸಿರುಮನೆ ಅನಿಲಗಳಲ್ಲಿ ಶೇ 26ರಷ್ಟು ಆಹಾರದ ಕಡೆಯಿಂದ ಬರುತ್ತದೆ. ಆ ಪಾಲಿನೊಳಗೆ ಸಾಗಣೆಯದ್ದು ಶೇ 6ರ ಆಸುಪಾಸು ಮಾತ್ರ. ಉಳಿದದ್ದರಲ್ಲಿ ಬಹುಪಾಲು ಹೊಲದಲ್ಲಿ, ಕೊಟ್ಟಿಗೆಯಲ್ಲಿ, ಮತ್ತು ಹೊಸ ಹೊಲಕ್ಕಾಗಿ ಕಡಿದ ಕಾಡಿನಲ್ಲಿ ಹುಟ್ಟುತ್ತದೆ. ವಿಮಾನದಲ್ಲಿ ಬರುವ ಹಣ್ಣು ತರಕಾರಿಗಳ ಮಾತು ಬೇರೆ. ಅಂಥವು ಕೊಪ್ಪಳದ ಸಂತೆಗೆ ಬರುವುದಿಲ್ಲ, ಆದ್ದರಿಂದ ಅವನ್ನು ಇಲ್ಲಿಗೇ ಬಿಡೋಣ. ಒಂದು ಆಹಾರ ಎಷ್ಟು ದೂರದಿಂದ ಬಂತು ಎನ್ನುವುದಕ್ಕಿಂತ ಅದು ಹೇಗೆ ಬೆಳೆಯಿತು ಎನ್ನುವುದು ಹೆಚ್ಚು ಮುಖ್ಯ. ಗಂಗಾವತಿಯ ಅಕ್ಕಿ ನಿಮಗೆ ಐವತ್ತು ಕಿಲೋಮೀಟರಿನೊಳಗೆ ಸಿಗುತ್ತದೆ ಎಂಬುದು ಅದರ ಲೆಕ್ಕದಲ್ಲಿ ತೀರ ಚಿಕ್ಕ ಉಳಿತಾಯ.

ಗದ್ದೆಯಲ್ಲಿ ನಡೆಯುವುದನ್ನು ಸ್ವಲ್ಪ ವಿವರಿಸುತ್ತೇನೆ. ನಾಟಿಯಾದ ಮೇಲೆ ನಿಂತ ನೀರು ಮಣ್ಣಿಗೂ ಗಾಳಿಗೂ ನಡುವೆ ಅಡ್ಡವಾಗುತ್ತದೆ. ಮಣ್ಣಿನೊಳಗಿದ್ದ ಆಮ್ಲಜನಕ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಆಮೇಲೆ ಹಿಂದಿನ ಬೆಳೆಯ ಕೂಳೆ, ಹುಲ್ಲು, ತಿಪ್ಪೆಗೊಬ್ಬರಗಳನ್ನು ಕೊಳೆಸುವ ಕೆಲಸ ಆಮ್ಲಜನಕವಿಲ್ಲದೆ ಬದುಕುವ ಸೂಕ್ಷ್ಮಜೀವಿಗಳ ಪಾಲಾಗುತ್ತದೆ, ಮತ್ತು ಅವು ಮೀಥೇನ್ ಅನಿಲವನ್ನು ಬಿಡುತ್ತವೆ. ಆ ಅನಿಲದಲ್ಲಿ ಹೆಚ್ಚಿನ ಭಾಗ ಗುಳ್ಳೆಗಳಾಗಿ ಏಳದೆ ಭತ್ತದ ಗಿಡದೊಳಗಿನ ಗಾಳಿನಾಳಗಳ ಮೂಲಕವೇ ಹೊರಗೆ ಬರುತ್ತದೆ. ನೂರು ವರ್ಷಗಳ ಅವಧಿಯನ್ನು ತೆಗೆದುಕೊಂಡರೆ ಒಂದು ಕೆ.ಜಿ. ಮೀಥೇನ್ ಸುಮಾರು 28 ಕೆ.ಜಿ. ಇಂಗಾಲದ ಡೈಆಕ್ಸೈಡಿನಷ್ಟು ಬಿಸಿಯನ್ನು ಹಿಡಿದಿಡುತ್ತದೆ. ಇಪ್ಪತ್ತು ವರ್ಷಗಳ ಲೆಕ್ಕದಲ್ಲಿ ಅದು 80 ಪಟ್ಟು ದಾಟುತ್ತದೆ. ಜಗತ್ತಿನಲ್ಲಿ ಮನುಷ್ಯರಿಂದ ಹೊರಬೀಳುವ ಮೀಥೇನಿನಲ್ಲಿ ಹೆಚ್ಚುಕಡಿಮೆ ಹತ್ತನೇ ಒಂದು ಭಾಗ ಭತ್ತದ ಗದ್ದೆಗಳದ್ದು. ಇದೇ ಕಾರಣಕ್ಕೆ ಜಾಗತಿಕ ಸರಾಸರಿಯಲ್ಲಿ ಒಂದು ಕೆ.ಜಿ. ಅಕ್ಕಿಯ ಹಿಂದೆ ಸುಮಾರು 4 ಕೆ.ಜಿ.ಯಷ್ಟು ಇಂಗಾಲದ ಹೊರೆ (ಎಲ್ಲ ಹಸಿರುಮನೆ ಅನಿಲಗಳನ್ನೂ ಇಂಗಾಲದ ಡೈಆಕ್ಸೈಡಿಗೆ ಸಮ ಮಾಡಿ ಹಿಡಿದ ತೂಕ) ಇದ್ದರೆ ಗೋಧಿಯಂಥ, ನೀರು ನಿಲ್ಲಿಸದೆ ಬೆಳೆಯುವ ಧಾನ್ಯಗಳ ಹಿಂದೆ ಒಂದೂವರೆ ಕೆ.ಜಿ. ಆಸುಪಾಸಿನಲ್ಲಿದೆ. ಇವು ಸರಾಸರಿಗಳು, ಗದ್ದೆಯಿಂದ ಗದ್ದೆಗೆ ಅಂಕಿ ಬಹಳ ಬದಲಾಗುತ್ತದೆ. ಆದರೆ ಯಾವುದು ಹೆಚ್ಚು, ಯಾವುದು ಕಡಿಮೆ ಎಂಬ ಕ್ರಮ ಬದಲಾಗುವುದಿಲ್ಲ.

ಇನ್ನು ನೀರಿನ ವಿಚಾರ. ಇಲ್ಲಿ ಬಹಳ ಜನ ಅವಸರದಲ್ಲಿ ಮಾತನಾಡುತ್ತಾರೆ. ಭತ್ತಕ್ಕೆ ಒಂದು ಬೆಳೆಗೆ 1,200 ಮಿ.ಮೀ. ಆಸುಪಾಸಿನ ನೀರು ಬೇಕು, ಜೋಳಕ್ಕೆ 450ರಿಂದ 500 ಮಿ.ಮೀ. ಸಾಕು ಎಂಬುದು ನಿಜ. ಆದರೆ ಎಕರೆಗೆ 25 ಕ್ವಿಂಟಲ್ ಭತ್ತ ಬಂದು ಅದರಲ್ಲಿ 16 ಕ್ವಿಂಟಲ್ ಅಕ್ಕಿಯಾದರೆ, ಒಂದು ಕೆ.ಜಿ. ಅಕ್ಕಿಗೆ ಮೂರು ಸಾವಿರ ಲೀಟರ್ ನೀರು ಬೀಳುತ್ತದೆ. ಹಿಂಗಾರಿ ಜೋಳ ಎಕರೆಗೆ ಏಳು ಕ್ವಿಂಟಲ್ ಮಾತ್ರ ಬಂದರೆ ಅದಕ್ಕೂ ಕೆ.ಜಿ.ಗೆ ಎರಡೂವರೆ ಸಾವಿರ ಲೀಟರಿಗಿಂತ ಹೆಚ್ಚೇ ಬೀಳುತ್ತದೆ. ಕೆ.ಜಿ. ಲೆಕ್ಕ ಹಿಡಿದು ಜೋಳ ನೀರನ್ನೇ ಕುಡಿಯುವುದಿಲ್ಲ ಎಂದು ಹೇಳುವವರು ಈ ಗುಣಾಕಾರವನ್ನು ಮಾಡಿ ನೋಡಿರುವುದಿಲ್ಲ. ನಿಜವಾದ ವ್ಯತ್ಯಾಸ ಇರುವುದು ಅದು ಯಾವ ನೀರು ಎಂಬುದರಲ್ಲಿ. ನಮ್ಮ ಎರೆ ಭೂಮಿಯಲ್ಲಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತಿದ ಬಿಳಿಜೋಳ, ಮಳೆಗಾಲದಲ್ಲಿ ಮಣ್ಣು ಹಿಡಿದಿಟ್ಟ ತೇವದ ಮೇಲೆಯೇ ಚಳಿಗಾಲದ ಇಬ್ಬನಿಯಲ್ಲಿ ಬೆಳೆದು ಫೆಬ್ರುವರಿ, ಮಾರ್ಚಿಗೆ ಕೊಯ್ಲಿಗೆ ಬರುತ್ತದೆ. ಆ ತೇವವನ್ನು ಜೋಳವೋ ಕಡಲೆಯೋ ಬಳಸದಿದ್ದರೆ ಅದು ಬಿಸಿಲಿಗೆ ಆರಿಹೋಗುತ್ತಿತ್ತು. ಭತ್ತದ ನೀರು ಜಲಾಶಯದ್ದು, ಅದನ್ನು ಇನ್ನೊಬ್ಬರ ಹೊಲಕ್ಕೂ ಊರಿನ ನಳಕ್ಕೂ ಹರಿಸಬಹುದಿತ್ತು. ತುಂಗಭದ್ರಾ ಜಲಾಶಯದಲ್ಲಿ ಮೊದಲು ಸುಮಾರು 133 ಟಿಎಂಸಿ ಅಡಿ ನೀರು ಹಿಡಿಯುತ್ತಿತ್ತು, ಹೂಳು ತುಂಬಿ ಈಗ 105 ಟಿಎಂಸಿ ಅಡಿಯ ಆಸುಪಾಸಿಗೆ ಇಳಿದಿದೆ. ಅದರಿಂದ ಹರಿಯುವ ಒಂದೊಂದು ಅಡಿ ನೀರಿಗೂ ಬೇಡುವವರು ಹಲವರಿದ್ದಾರೆ.

ತಮ್ಮ ಎರಡನೇ ಪ್ರಶ್ನೆಗೆ ಬಂದರೆ, ವರ್ಷಕ್ಕೆ 360 ಕೆ.ಜಿ. ಅಕ್ಕಿ ತಿನ್ನುವ ಮನೆಯಲ್ಲಿ ಮೂರನೇ ಒಂದು ಭಾಗ, ಅಂದರೆ 120 ಕೆ.ಜಿ., ಜೋಳಕ್ಕೆ ಬದಲಾದರೆ ಮೇಲಿನ ಸರಾಸರಿಯಂತೆ ವರ್ಷಕ್ಕೆ ಸುಮಾರು 300 ಕೆ.ಜಿ. ಇಂಗಾಲದ ಹೊರೆ ತಗ್ಗುತ್ತದೆ. ಜೋಳದ ಅಂಕಿಯನ್ನು ನಾನು ಗೋಧಿಯದ್ದಕ್ಕೆ ಸಮ ಎಂದು ಹಿಡಿದಿದ್ದೇನೆ. ಕಾಲುವೆಯ ನೀರಿಲ್ಲದೆ, ಕಡಿಮೆ ಯೂರಿಯಾದಲ್ಲಿ ಬೆಳೆದ ಹಿಂಗಾರಿ ಜೋಳದ್ದು ಇನ್ನೂ ಕಡಿಮೆ ಇರುವ ಸಾಧ್ಯತೆಯೇ ಹೆಚ್ಚು. ಒಂದು ಮನೆಗೆ ಇದು ಕಡಿಮೆ ಏನಲ್ಲ.

ಉತ್ತರ: ಮಾನ್ವಿ ತಾಲ್ಲೂಕಿನಿಂದ, ಕಾಲುವೆಯ ಕೊನೆಯ ಭಾಗದ ರೈತ

ಮೇಲಿನ ಸರ್ ಅವರ ಲೆಕ್ಕ ಸರಿಯಾಗಿದೆ. ಆದರೆ ಊಟ ಮಾಡುವವರು ಬಯಸಿದ ಕೂಡಲೇ ಹೊಲದ ಬೆಳೆ ಬದಲಾಗುತ್ತದೆ ಎಂಬ ಭಾವನೆ ಯಾರಿಗೂ ಬರಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ತುಂಗಭದ್ರಾ ಜಲಾಶಯದ ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು ಇನ್ನೂರು ಕಿಲೋಮೀಟರಿಗೂ ಹೆಚ್ಚು ಹರಿದು ನಮ್ಮ ಕಡೆಗೆ ಬರುತ್ತದೆ, ಅಥವಾ ಬರಬೇಕು. ಇದನ್ನು ಕಟ್ಟುವಾಗ ಇದ್ದ ಉದ್ದೇಶ, ಬರ ಬೀಳುವ ಸೀಮೆಗೆ ಸ್ವಲ್ಪ ಸ್ವಲ್ಪ ನೀರನ್ನು ಅಗಲವಾಗಿ ಹರಡಿ ಜೋಳ, ಹತ್ತಿ, ಶೇಂಗಾಗಳಂಥ ಲಘು ನೀರಾವರಿ ಬೆಳೆಗಳನ್ನು ಉಳಿಸಬೇಕೆಂಬುದೇ ಹೊರತು ಎಲ್ಲೆಡೆ ಭತ್ತ ಬೆಳೆಯಬೇಕೆಂದಲ್ಲ. ಭತ್ತಕ್ಕೆ ಗುರುತಿಸಿದ ಭೂಮಿ ಸ್ವಲ್ಪವೇ ಇತ್ತು. 1950ರ ದಶಕದಿಂದ ಆಂಧ್ರದ ಕಡೆಯಿಂದ ಬಂದು ಕ್ಯಾಂಪು ಎಂದು ಕರೆಯುವ ಹೊಸ ಊರುಗಳಲ್ಲಿ ನೆಲೆಸಿದ, ಭತ್ತದ ಬೇಸಾಯದಲ್ಲಿ ಪಳಗಿದ ರೈತರನ್ನು ನೋಡಿ ನಮ್ಮವರೂ ಗದ್ದೆ ಮಾಡಿದರು. ಗಿರಣಿಗಳು ಬಂದವು, ಸಾಲ ಕೊಡುವವರು ಬಂದರು, ಗಂಗಾವತಿಗೆ ಭತ್ತದ ಕಣಜ ಎಂಬ ಹೆಸರು ಬಂತು. ಮೇಲಿನವರು ಗದ್ದೆ ತುಂಬಿಸಿಕೊಂಡ ಮೇಲೆ ಕೆಳಗಿನ ಉಪಕಾಲುವೆಗಳಲ್ಲಿ ಉಳಿಯುವುದು ಕಾಯುವ ಕೆಲಸ. ಇಂಥ ಮೈಲಿನಲ್ಲಿ ಇಷ್ಟು ಅಡಿ ಗೇಜ್ (ಕಾಲುವೆಯ ನೀರಿನ ಮಟ್ಟ) ನಿಲ್ಲಿಸಿ ಎಂದು ನಮ್ಮ ಭಾಗದ ರೈತರು ರಸ್ತೆಯಲ್ಲಿ ಕೂಡುವ ಸುದ್ದಿಯನ್ನು ತಾವು ಹೆಚ್ಚುಕಡಿಮೆ ಪ್ರತಿವರ್ಷ ಓದುತ್ತೀರಿ. 2024ರ ಆಗಸ್ಟಿನಲ್ಲಿ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಮೇಲಿನವರಿಗೂ ಕೆಳಗಿನವರಿಗೂ ಒಂದೇ ಭಯ ಇತ್ತು. ಬೇರೆ ವರ್ಷಗಳಲ್ಲಿ ಆ ಭಯ ನಮ್ಮ ಪಾಲಿಗೆ ಮಾತ್ರ.

ಹಾಗಾದರೆ ರೈತ ಭತ್ತವನ್ನೇ ಏಕೆ ಬಿಡುವುದಿಲ್ಲ? 2025-26ರ ಬೆಂಬಲ ಬೆಲೆಯನ್ನೇ ತೆಗೆದುಕೊಳ್ಳಿ. ಸಾಮಾನ್ಯ ಭತ್ತಕ್ಕೆ ಕ್ವಿಂಟಲಿಗೆ 2,369 ರೂಪಾಯಿ, ಹಿಂಗಾರಿ ಬಿಳಿಜೋಳದ ತಳಿಯಾದ ಮಾಲ್ದಂಡಿ ಜೋಳಕ್ಕೆ 3,749 ರೂಪಾಯಿ. ಬೆಲೆ ನೋಡಿದರೆ ಜೋಳವೇ ಮೇಲು. ಆದರೆ 25 ಕ್ವಿಂಟಲ್ ಭತ್ತಕ್ಕೆ 59 ಸಾವಿರ ರೂಪಾಯಿ ಬಂದರೆ ಏಳು ಕ್ವಿಂಟಲ್ ಜೋಳಕ್ಕೆ ಬರುವುದು 26 ಸಾವಿರ. ಭತ್ತಕ್ಕೆ ಗೊಬ್ಬರ, ಔಷಧ, ನಾಟಿ ಎಂದು ಖರ್ಚು ಹೆಚ್ಚು, ಒಪ್ಪುತ್ತೇನೆ. ಆದರೂ ಗೇಣಿಗೆ ಹೊಲ ಮಾಡಿದವನು ಕೈಗೆ ಬರುವ ಮೊತ್ತವನ್ನು ನೋಡಿಯೇ ಬಿತ್ತುತ್ತಾನೆ. ಅದರ ಮೇಲೆ ಜೋಳದ ತೆನೆ ಹಾಲುಗಾಳಾದ ದಿನದಿಂದ ಹಕ್ಕಿ ಕಾಯಬೇಕು, ಕೀಳುವುದಕ್ಕೂ ಮುರಿಯುವುದಕ್ಕೂ ಆಳು ಸಿಗುವುದಿಲ್ಲ. ಭತ್ತಕ್ಕಾದರೆ ಫೋನ್ ಮಾಡಿದರೆ ಹಾರ್ವೆಸ್ಟರ್ ಬಂದು ಅರ್ಧ ದಿನದಲ್ಲಿ ಮುಗಿಸಿ ಹೋಗುತ್ತದೆ.

ಹಾರ್ವೆಸ್ಟರಿನ ಹಿಂದೆ ಬರುವ ಇನ್ನೊಂದು ಕೇಡನ್ನೂ ಹೇಳಬೇಕು. ಯಂತ್ರ ಬಿಟ್ಟುಹೋದ ಹುಲ್ಲು ಗದ್ದೆಯ ತುಂಬ ಸಾಲುಸಾಲಾಗಿ ಬಿದ್ದಿರುತ್ತದೆ. ಎರಡನೇ ಬೆಳೆಗೆ ನೀರು ಬಿಡುತ್ತಾರೆ ಎಂದಾದರೆ ಅದನ್ನು ಕಟ್ಟಿಸಿ ಸಾಗಿಸುವಷ್ಟು ವ್ಯವಧಾನ ಯಾರಿಗೂ ಇರುವುದಿಲ್ಲ, ಕಡ್ಡಿ ಗೀರಿ ಹಾಕುತ್ತಾರೆ. ಜೋಳದ ಸೊಪ್ಪೆಗೆ ಬೆಂಕಿ ಇಡುವವನನ್ನು ನಾನು ನಮ್ಮೂರಿನಲ್ಲಿ ನೋಡಿಲ್ಲ. ಅದು ಬಣವೆಯಾಗಿ ನಿಂತು ಬೇಸಿಗೆಯ ಮೇವಾಗುತ್ತದೆ, ಕೆಲವು ವರ್ಷ ಕಾಳಿಗಿಂತ ಸೊಪ್ಪೆಯೇ ಹೆಚ್ಚು ದುಡ್ಡು ತರುತ್ತದೆ.

ಎಲ್ಲಕ್ಕಿಂತ ಹೆಚ್ಚು ಹೊಟ್ಟೆ ಉರಿಯುವುದು ಮಣ್ಣನ್ನು ನೋಡಿದಾಗ. ನಮ್ಮ ಹೊಲದ ಮೇಲ್ಭಾಗದಲ್ಲಿ ಸತತವಾಗಿ ಭತ್ತ ಹಾಕುವವರ ಗದ್ದೆಗಳಿವೆ. ಅಲ್ಲಿ ಇಂಗಿದ ನೀರು ನಮ್ಮ ತಗ್ಗಿನ ತುಂಡಿನಲ್ಲಿ ಜವಳಾಗಿ ನಿಲ್ಲುತ್ತದೆ. ಬೇಸಿಗೆಯಲ್ಲಿ ಅದು ಆರುತ್ತ ಹೋದಂತೆ ಮಣ್ಣಿನ ಮೇಲೆ ಉಪ್ಪು ಬಿಳಿ ಪುಡಿಯಾಗಿ ಏಳುತ್ತದೆ, ಕಾಲಿಟ್ಟರೆ ಹಪ್ಪಳದಂತೆ ಮುರಿಯುತ್ತದೆ. ಅಂಥ ಸವಳು ನೆಲದಲ್ಲಿ ಕಡಲೆ ಹುಟ್ಟುವುದಿಲ್ಲ, ಶೇಂಗಾ ಹುಟ್ಟುವುದಿಲ್ಲ, ಸ್ವಲ್ಪ ತಡೆದುಕೊಳ್ಳುವ ಬೆಳೆ ಎಂದರೆ ನೀರು ನಿಲ್ಲಿಸಿ ಉಪ್ಪು ತೊಳೆದು ಬೆಳೆಯುವ ಭತ್ತವೇ. ಭತ್ತದಿಂದ ಕೆಟ್ಟ ನೆಲಕ್ಕೆ ಭತ್ತವನ್ನೇ ಹಾಕಬೇಕಾದ ಸ್ಥಿತಿ ಇದು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ನೆಲದೊಳಗೆ ರಂಧ್ರದ ಪೈಪು ಹೂಳಿ ಉಪ್ಪುನೀರು ಬಸಿಯುವ ವಿಧಾನವನ್ನು ತೋರಿಸಿಕೊಟ್ಟಿದ್ದಾರೆ. ಕೆಲಸವೂ ಮಾಡುತ್ತದೆ; ಒಬ್ಬ ಸಣ್ಣ ರೈತನ ಕೈಗೆ ಎಟುಕುವ ಖರ್ಚಲ್ಲ, ಮತ್ತು ಅಕ್ಕಪಕ್ಕದವರೂ ಮಾಡದಿದ್ದರೆ ಬಸಿದ ನೀರು ಹೋಗುವುದಕ್ಕೆ ದಾರಿಯಿರುವುದಿಲ್ಲ.

ಆದ್ದರಿಂದ ಕೊಪ್ಪಳದ ಸರ್ ಜೋಳ ಕೊಂಡರೆ ನಮ್ಮಂಥವರಿಗೆ ಸಂತೋಷ. ಆದರೆ ಅದನ್ನು ಸುಗ್ಗಿಯಲ್ಲಿ ಬೆಲೆ ಬಿದ್ದಾಗ ಕೊಳ್ಳುವ ಬದಲು, ವರ್ಷದ ಜೋಳ ಇಷ್ಟು ಬೇಕು, ಇಷ್ಟು ಬೆಲೆ ಕೊಡುತ್ತೇನೆ ಎಂದು ಬಿತ್ತನೆಗೆ ಮೊದಲೇ ಒಬ್ಬ ರೈತನಿಗೆ ಹೇಳುವ ಗಿರಾಕಿಗಳು ಹತ್ತು ಮನೆಯವರಾದರೂ ಸಿಕ್ಕರೆ ಆಗ ಮಾತ್ರ ಒಂದು ಹೊಲದ ಬೆಳೆ ಬದಲಾಗುತ್ತದೆ.

ಉತ್ತರ: ಬಳ್ಳಾರಿಯಿಂದ, ಖಾನಾವಳಿ ನಡೆಸುವವಳು

ಗಂಡಸರು ಮೂವರೂ ಜೋಳದ ಬಗ್ಗೆ ಬಹಳ ಚೆನ್ನಾಗಿ ಬರೆದಿದ್ದೀರಿ. ರೊಟ್ಟಿ ಬಡಿಯುವವರು ಯಾರು ಎಂಬುದನ್ನು ಮಾತ್ರ ಒಬ್ಬರೂ ಕೇಳಲಿಲ್ಲ. ಆರು ಜನರ ಮನೆಯ ಅನ್ನಕ್ಕೆ ಕುಕ್ಕರಿನ ಮೂರು ಸೀಟಿ ಸಾಕು. ಅಷ್ಟೇ ಜನರಿಗೆ ಹದಿನೈದು, ಹದಿನೆಂಟು ರೊಟ್ಟಿ ಬೇಕು. ಜೋಳದ ಹಿಟ್ಟಿನಲ್ಲಿ ಗೋಧಿಯ ಜಿಗುಟು ಇರುವುದಿಲ್ಲವಾದ್ದರಿಂದ ಕುದಿಯುವ ಎಸರು ಹಾಕಿ, ಕೈ ಸುಡುವಾಗಲೇ ನಾದಬೇಕು. ಒಂದೊಂದನ್ನೂ ಬಡಿದು, ಹಂಚಿಗೆ ಹಾಕಿದ ಕೂಡಲೇ ಮೇಲೆ ನೀರು ಸವರಿ, ಸರಿಯಾದ ಹೊತ್ತಿಗೆ ತಿರುವಿ, ಉಬ್ಬಿಸಿ ತೆಗೆಯಬೇಕು. ಇಬ್ಬರೂ ದುಡಿಯಲು ಹೋಗುವ ಮನೆಯಲ್ಲಿ ಅನ್ನ ಬಂದದ್ದು ಪಡಿತರದ ಅಕ್ಕಿಯಿಂದ ಮಾತ್ರ ಅಲ್ಲ, ರೊಟ್ಟಿಗೆ ಹಿಡಿಯುವ ಈ ಒಂದು ಗಂಟೆಯಿಂದಲೂ ಹೌದು. ಮನೆಯಲ್ಲಿ ರೊಟ್ಟಿ ಹೆಚ್ಚಾಗಲಿ ಎಂದು ನಿರ್ಧರಿಸುವವರು ಹಿಟ್ಟಿಗೆ ಕೈ ಹಾಕುವುದನ್ನೂ ಕಲಿಯಲಿ ಎಂದು ಹೇಳಿ ಮುಂದಿನ ಮಾತಿಗೆ ಬರುತ್ತೇನೆ.

ದಾರಿಗಳಿವೆ. ನಮ್ಮ ಊರುಗಳಲ್ಲಿ ಈಗ ಓಣಿಗೊಬ್ಬರು ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳಿದ್ದಾರೆ. ಅವರಿಂದ ಖಡಕ್ ರೊಟ್ಟಿ ತಂದಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ, ಬೆಳಿಗ್ಗೆ ಒಲೆಯೂ ಬೇಡ. ಜೋಳವನ್ನು ರೊಟ್ಟಿಯಾಗಿಯೇ ತಿನ್ನಬೇಕೆಂದೂ ಇಲ್ಲ. ಜೋಳದ ನುಚ್ಚನ್ನು ಕುಕ್ಕರಿನಲ್ಲೇ ಬೇಯಿಸಿ ಮಜ್ಜಿಗೆಯೊಂದಿಗೆ ಉಣ್ಣಬಹುದು, ನವಣೆಯನ್ನು ಅಕ್ಕಿಯಂತೆಯೇ ಬಸಿದು ಚಿತ್ರಾನ್ನ ಮಾಡಬಹುದು. ನಮ್ಮ ಖಾನಾವಳಿಯಲ್ಲಿ ಪುಂಡಿಪಲ್ಯ ಮಾಡುವ ದಿನ ಜೋಳದ ನುಚ್ಚು ಹಾಕಿಯೇ ಮಾಡುತ್ತೇವೆ, ಆ ದಿನ ಅನ್ನದ ಪಾತ್ರೆಗೆ ಕೈ ಹಾಕುವವರು ಕಡಿಮೆ.

ಎಣ್ಣೆಯ ಬಗ್ಗೆ ಕೊಪ್ಪಳದವರು ಕೇಳಿದ್ದೀರಿ. ಬೆಳಗಿನ ಮಂಡಾಳ ಒಗ್ಗರಣೆಗೂ ಮಿರ್ಚಿಗೂ ನಮ್ಮ ಕಡೆಯ ಹೋಟೆಲುಗಳಲ್ಲಿ ಬಾಣಲೆಗೆ ಬೀಳುವುದು ಬಹುಪಾಲು ಪಾಮೋಲಿನ್, ಅಂದರೆ ತಾಳೆ ಎಣ್ಣೆ. ಅದು ಇಂಡೊನೇಷ್ಯಾ, ಮಲೇಷ್ಯಾಗಳಿಂದ ಹಡಗಿನಲ್ಲಿ ಬರುತ್ತದೆ. ಹಡಗಿಗಿಂತ ದೊಡ್ಡ ಹೊರೆ, ತಾಳೆ ತೋಟಗಳಿಗಾಗಿ ಕಡಿದ ಮಳೆಕಾಡಿನದ್ದು ಮತ್ತು ಬಸಿದು ಒಣಗಿಸಿದ ಜೌಗು ನೆಲದ್ದು. ನಮ್ಮ ದೇಶ ತನಗೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದಲೇ ತರಿಸುತ್ತದೆ. ಒಂದು ಕಾಲದಲ್ಲಿ ಬಳ್ಳಾರಿ, ಕೊಪ್ಪಳ, ರಾಯಚೂರುಗಳ ಹೊಲಗಳಲ್ಲಿ ಸೂರ್ಯಕಾಂತಿ ಕಣ್ಣು ಹಾಯಿಸಿದಷ್ಟು ದೂರ ಇರುತ್ತಿತ್ತು. ಆಮದಿನ ಎಣ್ಣೆ ಅಗ್ಗವಾಯಿತು, ನೆಕ್ರೋಸಿಸ್ ಎಂಬ ವೈರಸ್ ರೋಗ ಬಂತು, ಬೆಳೆ ಹೋಯಿತು. ಶೇಂಗಾ ಎಣ್ಣೆ, ಕುಸುಬೆ ಎಣ್ಣೆ ಇಂದಿಗೂ ಗಾಣದಲ್ಲಿ ಸಿಗುತ್ತವೆ, ಬೆಲೆ ಹೆಚ್ಚು. ನಾನು ಕರಿಯುವುದನ್ನು ಕಡಿಮೆ ಮಾಡಿ ಒಗ್ಗರಣೆಗೆ ಶೇಂಗಾ ಎಣ್ಣೆ ಇಟ್ಟುಕೊಂಡಿದ್ದೇನೆ. ತಿಂಗಳ ಖರ್ಚು ಹೆಚ್ಚುಕಡಿಮೆ ಮೊದಲಿನಷ್ಟೇ ಇದೆ.

ಇನ್ನೊಂದು ವಿಷಯವನ್ನು ಯಾರೂ ಎತ್ತಲಿಲ್ಲ, ಅದು ಚೆಲ್ಲುವ ಅನ್ನ. ಮದುವೆಗಳಿಗೆ ಅಡುಗೆ ಒಪ್ಪಿಕೊಂಡಾಗ ನಾನು ನೋಡುವುದೆಂದರೆ, ಎಲೆಯಲ್ಲಿ ರೊಟ್ಟಿ ಉಳಿಯುವುದು ಅಪರೂಪ, ಅದನ್ನು ಜನ ಕೇಳಿ ಹಾಕಿಸಿಕೊಳ್ಳುತ್ತಾರೆ, ಉಳಿದರೂ ಮರುದಿನಕ್ಕೆ ಮುರಿದು ಒಗ್ಗರಣೆ ಹಾಕಬಹುದು. ಅನ್ನವನ್ನು ಮಾತ್ರ ಬೇಡವೆಂದು ಕೈ ಅಡ್ಡ ಹಿಡಿದರೂ ಬಡಿಸುತ್ತಾರೆ. ಬಿಳಿ ಅನ್ನ, ಪಲಾವ್, ಚಿತ್ರಾನ್ನ, ಮೊಸರನ್ನ ಎಂದು ನಾಲ್ಕು ಬಗೆಯ ಅನ್ನವಿರುವ ಊಟದ ಕೊನೆಗೆ ಎಲೆ ಎತ್ತುವವರ ಬಕೆಟಿನಲ್ಲಿ ತುಂಬಿರುವುದು ಅದೇ. ಮೂರು ಸಾವಿರ ಲೀಟರ್ ನೀರಿನ ಲೆಕ್ಕ ಓದಿದಾಗ ನನಗೆ ನೆನಪಾದದ್ದು ಆ ಬಕೆಟು.

ಮರುಪ್ರಶ್ನೆ: ಕೊಪ್ಪಳದಿಂದ

ಮೂವರಿಗೂ ಕೃತಜ್ಞತೆಗಳು. ಅಕ್ಕನವರ ಮಾತನ್ನು ಮನೆಯಲ್ಲಿ ಓದಿ ಹೇಳಿದೆ, ನನ್ನ ಹೆಂಡತಿ ಅದನ್ನು ಎರಡು ಸಲ ಓದಿಸಿದಳು. ರಾಯಚೂರಿನ ಸರ್ ಅವರಲ್ಲಿ ಎರಡು ವಿಷಯ ಕೇಳುವುದಿದೆ. ರೊಟ್ಟಿಗೆ ಗ್ಯಾಸ್ ಹೆಚ್ಚು ಉರಿಯುವುದರಿಂದ ಉಳಿಸಿದ್ದೆಲ್ಲ ಅಲ್ಲಿಯೇ ಹೋಗುವುದಿಲ್ಲವೇ? ಮತ್ತು ಹಾಲು, ಮಾಂಸದ ಮಾತು ಬಾಕಿ ಉಳಿದಿದೆ. ನಮ್ಮ ಮನೆಯಲ್ಲಿ ಭಾನುವಾರ ಕೋಳಿ, ಹಬ್ಬ ಜಾತ್ರೆಗಳಿಗೆ ಕುರಿ, ದಿನಕ್ಕೆ ಒಂದೂವರೆ ಲೀಟರ್ ಎಮ್ಮೆ ಹಾಲು ಇದೆ.

ಉತ್ತರ: ರಾಯಚೂರಿನಿಂದ, ಕೃಷಿ ಪದವೀಧರ

ಗ್ಯಾಸಿನ ಲೆಕ್ಕ ಸುಲಭ. ಒಂದು ಕೆ.ಜಿ. ಅಡುಗೆ ಅನಿಲ ಉರಿದರೆ ಸುಮಾರು 3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬರುತ್ತದೆ, 14.2 ಕೆ.ಜಿ.ಯ ಒಂದು ಸಿಲಿಂಡರಿಗೆ 42 ಕೆ.ಜಿ. ಎಂದುಕೊಳ್ಳಿ. ರೊಟ್ಟಿಯಿಂದಾಗಿ ವರ್ಷಕ್ಕೆ ಎರಡು ಸಿಲಿಂಡರ್ ಹೆಚ್ಚು ಖರ್ಚಾದರೂ ಉಳಿಸಿದ 300 ಕೆ.ಜಿ.ಯಲ್ಲಿ 84 ಕೆ.ಜಿ. ಹೋಗಿ 200ಕ್ಕಿಂತ ಹೆಚ್ಚು ಉಳಿಯುತ್ತದೆ. ನುಚ್ಚನ್ನು ಕುಕ್ಕರಿನಲ್ಲಿ ಬೇಯಿಸಿದರೆ ಅದೂ ಹೋಗುವುದಿಲ್ಲ.

ಮಾಂಸದಲ್ಲಿ ಮುಖ್ಯವಾದ ಗೆರೆ ಮೆಲುಕು ಹಾಕುವ ಪ್ರಾಣಿ ಮತ್ತು ಹಾಕದ ಪ್ರಾಣಿಯ ನಡುವೆ ಇದೆ. ದನ, ಎಮ್ಮೆ, ಕುರಿ, ಆಡುಗಳ ಹೊಟ್ಟೆಯ ಮೊದಲ ಕೋಣೆಯಲ್ಲಿ ಮೇವು ಹುದುಗುವಾಗ ಗದ್ದೆಯಲ್ಲಾಗುವಂತೆಯೇ ಮೀಥೇನ್ ಹುಟ್ಟುತ್ತದೆ ಮತ್ತು ತೇಗಿನ ಮೂಲಕ ಹೊರಗೆ ಬರುತ್ತದೆ. ಆದ್ದರಿಂದ ಜಾಗತಿಕ ಸರಾಸರಿಯಲ್ಲಿ ಕೆ.ಜಿ. ಕುರಿ ಮಾಂಸದ ಹೊರೆ 20 ಕೆ.ಜಿ.ಯನ್ನು ಸಾಕಷ್ಟು ಮೀರುತ್ತದೆ, ಕೋಳಿಯದ್ದು 6ರಿಂದ 10 ಕೆ.ಜಿ. ಒಳಗಿರುತ್ತದೆ, ಮೊಟ್ಟೆಯದ್ದು ನಾಲ್ಕೂವರೆ, ಹಾಲಿನದ್ದು ಲೀಟರಿಗೆ ಮೂರು, ಬೇಳೆ ಕಾಳುಗಳದ್ದು ಒಂದೆರಡು ಕೆ.ಜಿ. ಮಾತ್ರ. ಕುಷ್ಟಗಿ, ಮಸ್ಕಿ ಕಡೆಯ ಬೀಳು ನೆಲದಲ್ಲಿ ಮೇಯುವ ಕುರಿಗೂ, ಧಾನ್ಯ ತಿನ್ನಿಸಿ ಬೆಳೆಸಿದ ಹೊರದೇಶದ ಪ್ರಾಣಿಗೂ ಒಂದೇ ಅಂಕಿ ಹಚ್ಚುವುದು ನನಗೆ ನ್ಯಾಯವೆನಿಸುವುದಿಲ್ಲ. ಆ ಹಿಂಡುಗಳಿಂದ ಒಣಬೇಸಾಯದ ಹೊಲಗಳಿಗೆ ಗೊಬ್ಬರವೂ ಸಿಗುತ್ತದೆ. ಜಾತ್ರೆಗೊಮ್ಮೆ ಕುರಿ ತಿನ್ನುವ ಮನೆಯವರು ಅದರ ಬಗ್ಗೆ ತಲೆ ಕೆಡಿಸಿಕೊಳ್ಳುವುದಕ್ಕಿಂತ ದಿನದ ಹಾಲು, ದಿನದ ಅನ್ನವನ್ನು ನೋಡುವುದು ಮೇಲು. ತಮ್ಮ ಲೆಕ್ಕದಲ್ಲಿ ಹಾಲು ವರ್ಷಕ್ಕೆ 550 ಲೀಟರಿನ ಹತ್ತಿರ ಹೋಗುತ್ತದೆ, ಅದು ಅಕ್ಕಿಗಿಂತ ಹಿಂದೆ ಬೀಳುವುದಿಲ್ಲ. ಮಕ್ಕಳ ಹಾಲಿಗೆ ಕೈ ಹಚ್ಚಬೇಡಿ. ದಿನಕ್ಕೆ ಆರೇಳು ಸಲ ಆಗುವ ಚಹಾದಲ್ಲಿ ಎರಡನ್ನು ಬಿಟ್ಟರೆ ಸಾಕು.

ಕಾಳುಗಳಿಗೆ ಒಂದು ಮಾತು ಹೆಚ್ಚು ಸಲ್ಲಬೇಕು. ತೊಗರಿ, ಕಡಲೆ, ಹೆಸರಿನ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನೇ ಹಿಡಿದು ಗಿಡಕ್ಕೆ ಕೊಡುವುದರಿಂದ ಯೂರಿಯಾ ಬಹಳ ಕಡಿಮೆ ಸಾಕು. ಯೂರಿಯಾ ತಯಾರಿಸಲು ನೈಸರ್ಗಿಕ ಅನಿಲ ಬೇಕು, ಹೊಲಕ್ಕೆ ಹಾಕಿದ ಮೇಲೆ ಅದರಿಂದ ನೈಟ್ರಸ್ ಆಕ್ಸೈಡ್ ಏಳುತ್ತದೆ, ಅದರ ಬಿಸಿ ಹಿಡಿಯುವ ಶಕ್ತಿ ಇಂಗಾಲದ ಡೈಆಕ್ಸೈಡಿನ 270 ಪಟ್ಟಿನಷ್ಟಿದೆ. ಜೋಳದ ರೊಟ್ಟಿಗೆ ಹೆಸರುಕಾಳಿನ ಪಲ್ಯ, ಝುಣಕ, ಶೇಂಗಾ ಚಟ್ನಿ ಎಂಬ ನಮ್ಮ ಹಳೆಯ ಜೋಡಣೆ ಈ ದೃಷ್ಟಿಯಿಂದ ಬಹಳ ಹಗುರವಾದ ಊಟ.

ಉಳಿದ ಅನ್ನಕ್ಕೂ ಒಂದು ದಾರಿ ಇದೆ. ಗದ್ದೆಯಲ್ಲಿ ಸದಾ ನೀರು ನಿಲ್ಲಿಸದೆ, ಒಂದು ರಂಧ್ರದ ಕೊಳವೆಯನ್ನು ಮಣ್ಣಿನಲ್ಲಿ ನೆಟ್ಟು, ಅದರೊಳಗಿನ ನೀರು ನೆಲಮಟ್ಟದಿಂದ 15 ಸೆಂ.ಮೀ. ಕೆಳಗಿಳಿದ ಮೇಲೆ ಮತ್ತೆ ನೀರು ಹಾಯಿಸುವ ಕ್ರಮವಿದೆ. ಹೂ ಬಿಡುವ ದಿನಗಳಲ್ಲಿ ಮಾತ್ರ ನೀರು ನಿಂತಿರಬೇಕು. ಬೆಳೆಯ ನಡುವೆ ಒಮ್ಮೆ ಗದ್ದೆ ಆರಿಸಿದರೆ ಮೀಥೇನ್ ಮೂರನೇ ಒಂದು ಭಾಗದಷ್ಟು ತಗ್ಗುತ್ತದೆ, ಹಲವು ಸಲ ಆರಿಸಿದರೆ ಹೆಚ್ಚುಕಡಿಮೆ ಅರ್ಧ. ಕೂರಿಗೆಯಿಂದ ನೇರವಾಗಿ ಬಿತ್ತುವ ಭತ್ತವೂ ನಮ್ಮ ಭಾಗದಲ್ಲಿ ಹಬ್ಬುತ್ತಿದೆ. ಇಂಥ ಅಕ್ಕಿಗೆ ಅಂಗಡಿಯಲ್ಲಿ ಬೇರೆ ಚೀಲವಿಲ್ಲ ಎಂಬುದು ಗ್ರಾಹಕರ ಕಡೆಯ ಅಡಚಣೆ. ರೈತರ ಕಡೆಯ ಅಡಚಣೆಯನ್ನು ಮಾನ್ವಿಯವರೇ ಚೆನ್ನಾಗಿ ಹೇಳಬಲ್ಲರು.

ಉತ್ತರ: ಮಾನ್ವಿ ತಾಲ್ಲೂಕಿನಿಂದ, ಕಾಲುವೆಯ ಕೊನೆಯ ಭಾಗದ ರೈತ

ಅಡಚಣೆ ಒಂದೇ, ನಂಬಿಕೆ. ಮುಂದಿನ ಸರದಿಯ ನೀರು ಹೇಳಿದ ದಿನ ಬಂದೇ ಬರುತ್ತದೆ ಎಂಬ ಖಾತರಿ ಇದ್ದರೆ ಗದ್ದೆ ಆರಿಸಲು ಯಾರೂ ಹೆದರುವುದಿಲ್ಲ. ಖಾತರಿ ಇಲ್ಲದಿದ್ದಾಗ ಬಂದ ನೀರನ್ನು ಬದು ಮುಳುಗುವಷ್ಟು ಕಟ್ಟಿಕೊಳ್ಳುವುದೇ ಜಾಣತನವಾಗುತ್ತದೆ, ಮತ್ತು ಮೇಲಿನವನ ಆ ಜಾಣತನವೇ ಕೆಳಗಿನವನ ಒಣಹೊಲ. ಬೋರಿನ ಆಸರೆ ಇರುವ ಕೆಲವರು ಮಾತ್ರ ಕೊಳವೆಯ ಪ್ರಯೋಗ ಮಾಡುತ್ತಿದ್ದಾರೆ.

ಕೊಪ್ಪಳದ ಸರ್, ತಾವು ನಿಜವಾಗಿಯೂ ವರ್ಷಕ್ಕೆ 120 ಕೆ.ಜಿ. ಜೋಳ ಕೊಳ್ಳುವುದಾದರೆ ಒಂದೆರಡು ಮಾತು ತಿಳಿದಿರಲಿ. ಬೆಲೆಯನ್ನು ಮೊದಲೇ ಮಾತಾಡಿಕೊಂಡ ಜೋಳವನ್ನು ಮಾರ್ಚಿನಲ್ಲಿ ರಾಶಿಯಾದ ಕೂಡಲೇ ತೆಗೆದುಕೊಳ್ಳಿ. ಮಳೆಗೆ ಸಿಕ್ಕು ಕಪ್ಪಾದ ಮುಂಗಾರಿ ಜೋಳವನ್ನು ಬಿಳಿಜೋಳದ ಬೆಲೆಗೆ ಮಾರುವವರೂ ಇದ್ದಾರೆ, ಕಾಳನ್ನು ಅಂಗೈಯಲ್ಲಿ ಹಾಕಿ ನೋಡಿ ಕೊಳ್ಳಬೇಕು. ಎರಡು ಮೂರು ದಿನ ಒಳ್ಳೆಯ ಬಿಸಿಲಿಗೆ ಹಾಕಿ, ಪೂರ್ತಿ ಆರಿದ ಮೇಲೆ ಬೇವಿನ ಎಲೆಯೊಂದಿಗೆ ಡಬ್ಬಿಗೆ ತುಂಬಿದರೆ ನುಸಿ ಬೇಗ ಹತ್ತುವುದಿಲ್ಲ. ಹಿಟ್ಟನ್ನು ವಾರಕ್ಕೆ ಬೇಕಾದಷ್ಟೇ ಬೀಸಿಸಿ. ಹಳೆಯದಾದರೆ ಅದು ಅಂಟು ಕಳೆದುಕೊಂಡು ಬಡಿಯುವಾಗ ಅಂಚು ಒಡೆಯುತ್ತದೆ, ಆಮೇಲೆ ಮನೆಯವರು ಜೋಳವನ್ನೇ ದೂರುತ್ತಾರೆ.